ಲ್ಯಾಮಿಂಗ್ಟನ್ ರಸ್ತೆಗೆ ಹೋಗುವ ಮೊದಲು: ಕಡಿಮೆ ದುಡ್ಡಿನಲ್ಲಿ ಮೊದಲ ಕಂಪ್ಯೂಟರ್ ಜೋಡಿಸುವುದು

ಮುಂಬಯಿಯಲ್ಲಿ ಜೂನ್ ಬಂದರೆ ಮಳೆಯ ಜೊತೆಗೆ ಕಾಲೇಜು ಪ್ರವೇಶದ ಗಡಿಬಿಡಿಯೂ ಬರುತ್ತದೆ. ಡೊಂಬಿವಲಿ, ಕಲ್ಯಾಣ, ಮೀರಾ ರೋಡ್ ಕಡೆ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲಿ, ಡಿಪ್ಲೊಮಾಕ್ಕೋ ಬಿ.ಎಸ್ಸಿ. ಐಟಿಗೋ ಸೇರಿದ ಮಗನಿಗೆ, ಮಗಳಿಗೆ ಕಂಪ್ಯೂಟರ್ ಕೊಡಿಸುವ ಮಾತು ಏಳುವುದು ಆಗಲೇ. ಹೊಟೇಲಿನ ಗಲ್ಲಾದಲ್ಲಿ ಕೂತು, ಕಂಪನಿಯ ಕ್ಯಾಂಟೀನು ನಡೆಸಿ, ಚೀಟಿ ಕಟ್ಟಿ ಕೂಡಿಟ್ಟ ಹಣ ಅದು. ಮೂವತ್ತೈದು, ಹೆಚ್ಚೆಂದರೆ ನಲವತ್ತು ಸಾವಿರ. ಅಷ್ಟರಲ್ಲಿ ನಾಲ್ಕೈದು ವರ್ಷ ಬಾಳುವ ಯಂತ್ರ ಆಗಬೇಕು.

ಆಗುತ್ತದೆ. ಆದರೆ ಪ್ರತಿಯೊಂದು ಭಾಗದಲ್ಲೂ ಇನ್ನೂರು, ಮುನ್ನೂರು ರೂಪಾಯಿ ಉಳಿಸುತ್ತಾ ಹೋದರೆ ಆಗುವುದಿಲ್ಲ. ಮುಂದೆ ಬದಲಿಸಲು ಕಷ್ಟವಾಗುವ ಭಾಗಗಳಿಗೆ ಇವತ್ತೇ ಸರಿಯಾದ ಹಣ ಹಾಕಬೇಕು. ಮುಂದೆ ಸೇರಿಸಬಹುದಾದ ಭಾಗಗಳನ್ನು ನಿಶ್ಚಿಂತೆಯಿಂದ ಮುಂದೂಡಬೇಕು. ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಮೊದಲ ಗುಂಪಿಗೆ ಸೇರುತ್ತವೆ. ಮದರ್‌ಬೋರ್ಡ್ ಎಂದರೆ ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್, ಎಸ್‌ಎಂಪಿಎಸ್ ಎಂದರೆ ಅವಕ್ಕೆಲ್ಲ ವಿದ್ಯುತ್ತು ಒದಗಿಸುವ ಡಬ್ಬಿ. ಗ್ರಾಫಿಕ್ಸ್ ಕಾರ್ಡ್, ಹೆಚ್ಚಿನ ರ‍್ಯಾಮ್ (ಕೆಲಸ ಮಾಡುವಾಗಿನ ಮೆಮೊರಿ), ಹೆಚ್ಚಿನ ಸಂಗ್ರಹ, ಮಾನಿಟರ್ ಕೂಡ, ಎರಡನೆಯ ಗುಂಪಿಗೆ. ಲ್ಯಾಪ್‌ಟಾಪ್ ಕೊಳ್ಳುವವರಿಗೆ ಈ ಸೌಲಭ್ಯ ಇಲ್ಲ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಯಂತ್ರದ ಮಿದುಳಾದ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಎಷ್ಟೋ ಮಾದರಿಗಳಲ್ಲಿ ರ‍್ಯಾಮನ್ನೂ ಬೆಸೆದಿರುತ್ತಾರೆ. ಕೊಂಡ ದಿನ ಏನಿತ್ತೋ ಕೊನೆಯವರೆಗೂ ಅದೇ. ಊರಿಗೂ ಕಾಲೇಜಿಗೂ ಹೊತ್ತು ತಿರುಗುವ ಅಗತ್ಯ ಇಲ್ಲದಿದ್ದರೆ ನಾನು ಡೆಸ್ಕ್‌ಟಾಪ್ ಪರ.

ಹುಡುಗರು ನನ್ನನ್ನು ಮೊದಲು ಕೇಳುವ ಪ್ರಶ್ನೆ, "ಮಾಮ, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸಲಿ?" ಈ ಬಜೆಟ್ಟಿನಲ್ಲಿ ಯಾವುದೂ ಬೇಡ ಎಂದೇ ನನ್ನ ಉತ್ತರ. ಪರದೆಯ ಮೇಲೆ ಚಿತ್ರ ಮೂಡಿಸುವ ಸಾಮರ್ಥ್ಯ ಅನೇಕ ಪ್ರೊಸೆಸರ್‌ಗಳ ಒಳಗೇ ಇರುತ್ತದೆ. ಎಎಂಡಿಯ ರೈಜನ್ 5 5600ಜಿ ಎಂಬ ಪ್ರೊಸೆಸರ್ 2021ರಲ್ಲಿ ಬಂದದ್ದು. ಅದರಲ್ಲಿ ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್ (ಒಮ್ಮೆಗೇ ನಡೆಸಬಲ್ಲ ಕೆಲಸದ ಸಾಲು), ಜೊತೆಗೆ ಸಾಕಷ್ಟು ಗಟ್ಟಿಯಾದ ಗ್ರಾಫಿಕ್ಸ್ ಇದೆ. ಇಂಟೆಲ್‌ನ ಐ3 12100 ಬಂದದ್ದು 2022ರಲ್ಲಿ. ನಾಲ್ಕು ಕೋರ್, ಎಂಟು ಥ್ರೆಡ್, ಗ್ರಾಫಿಕ್ಸ್ ಸಾಧಾರಣ. ಕೋಡಿಂಗ್, ಎಕ್ಸೆಲ್, ಟ್ಯಾಲಿ, ಆಟೊಕ್ಯಾಡ್‌ನ ಎರಡು ಆಯಾಮದ ನಕ್ಷೆ, ಆನ್‌ಲೈನ್ ಪಾಠ, ಇವೆಲ್ಲಕ್ಕೂ ಎರಡರಲ್ಲಿ ಯಾವುದಾದರೂ ಸಾಕು. ಆಟದ ಆಸೆಯೂ ಇರುವ ಹುಡುಗನಿಗೆ 5600ಜಿ ಹೆಚ್ಚು ಒಗ್ಗುತ್ತದೆ. ಸೆಟ್ಟಿಂಗ್ ಸ್ವಲ್ಪ ಇಳಿಸಿಕೊಂಡರೆ ಹಗುರವಾದ ಆಟಗಳು ನಡೆಯುತ್ತವೆ.

ಇಲ್ಲಿ ಒಂದೇ ಒಂದು ಅಕ್ಷರದ ಮೇಲೆ ಕಣ್ಣಿಡಬೇಕು. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಗೆ 'ಎಫ್' ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಐ3 12100ಎಫ್ ಕೊಂಚ ಅಗ್ಗಕ್ಕೆ ಸಿಗುತ್ತದೆ ಎಂದು ತಂದರೆ, ಬೇರೆ ಕಾರ್ಡ್ ಹಾಕುವವರೆಗೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಎಎಂಡಿಯಲ್ಲಿ ಇದರ ತಿರುಗುಮುರುಗು: ಎಎಂ4 ಸಾಕೆಟ್ಟಿನ ಪ್ರೊಸೆಸರ್‌ಗಳಲ್ಲಿ 'ಜಿ' ಇದ್ದರೆ ಗ್ರಾಫಿಕ್ಸ್ ಇದೆ ಎಂದರ್ಥ. 5600ಜಿಯಲ್ಲಿ ಇದೆ, 5600ರಲ್ಲಿ ಇಲ್ಲ.

ಈಗ ಮಾರುಕಟ್ಟೆಗೆ, ಎಂದರೆ ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ಬರೋಣ. ಅದರ ಸರಕಾರಿ ಹೆಸರು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಹಳೆಯ ಹೆಸರು 1903ರಿಂದ 1907ರವರೆಗೆ ಬೊಂಬಾಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್‌ನದು. ಇಂದಿಗೂ ಎಲ್ಲರ ಬಾಯಲ್ಲಿ ಇರುವುದು ಅದೇ. ಡೊಂಬಿವಲಿಯಿಂದ ಬರುವವರು ದಾದರ್‌ನಲ್ಲಿ ಪಶ್ಚಿಮ ರೈಲ್ವೆಗೆ ಬದಲಿಸಿ ಗ್ರಾಂಟ್ ರೋಡ್‌ನಲ್ಲಿ ಇಳಿದು ಪೂರ್ವ ದಿಕ್ಕಿಗೆ ನಡೆದರೆ ಸಾಕು. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ವಾರದ ದಿನ, ಮಧ್ಯಾಹ್ನ ಹೋಗಿ; ಗಿರಾಕಿಗಳ ನೂಕುನುಗ್ಗಲು ಇಲ್ಲದಾಗ ಅಂಗಡಿಯವರು ಸಮಾಧಾನದಿಂದ ಮಾತಾಡುತ್ತಾರೆ, ಮರಳುವಾಗ ಲೋಕಲ್‌ನಲ್ಲಿ ಪೆಟ್ಟಿಗೆ ಇಡಲು ಜಾಗವೂ ಸಿಗುತ್ತದೆ.

ಅಲ್ಲಿ ಮೊದಲು ಕಿವಿಗೆ ಬೀಳುವುದು "ಐ5 ಕಾಂಬೊ". ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಸೇರಿ ನಂಬಲಾಗದ ಬೆಲೆ. ಐ5 ಎಂಬ ಹೆಸರು 2009ರಿಂದ ಇದೆ. ಅದರ ಮುಂದಿನ ಅಂಕಿ ಕೇಳದೆ ಐ5 ಎನ್ನುವುದಕ್ಕೆ ಅರ್ಥವೇ ಇಲ್ಲ. ಕಾಂಬೊದಲ್ಲಿ ಬರುವುದು ಐ5 3470 ಆಗಿದ್ದರೆ ಅದು 2012ರದು. ಅದರ ನಾಲ್ಕು ಕೋರ್‌ಗಳನ್ನು 2022ರ ಐ3 12100 ಸುಲಭವಾಗಿ ಹಿಂದೆ ಹಾಕುತ್ತದೆ. ಅಂಥ ಕಾಂಬೊಗಳಲ್ಲಿ ಪ್ರೊಸೆಸರ್ ಹಳೆಯದು, ಬೋರ್ಡ್ ಮಾತ್ರ ಹೆಸರು ಕೇಳರಿಯದ ಹೊಸ ತಯಾರಿಕೆ, ರ‍್ಯಾಮ್ ಹಳೆಯ ಪೀಳಿಗೆಯ ಡಿಡಿಆರ್3. ಮುಂದೆ ಇವುಗಳಲ್ಲಿ ಯಾವುದನ್ನೂ ಹೊಸ ಯಂತ್ರಕ್ಕೆ ಒಯ್ಯಲು ಬರುವುದಿಲ್ಲ, ಮೈಕ್ರೊಸಾಫ್ಟ್‌ನ ನಿಯಮದಂತೆ ವಿಂಡೋಸ್ 11 ಕೂಡ ಅದರ ಮೇಲೆ ನಡೆಯುವುದಿಲ್ಲ. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಡವರ ಹಣ ಹೆಚ್ಚು ಸೋರುವುದು ಈ ಕಾಂಬೊಗಳಲ್ಲೇ ಎಂಬುದು ನನಗೆ ನಿಜವಾದ ಸಂಕಟ.

ಹೀಗಾಗಿ ಅಂಗಡಿಯವರು ಬೆಲೆ ಬರೆದುಕೊಡುವ ಚೀಟಿಯಲ್ಲಿ (ಕೊಟೇಶನ್) ಪೂರ್ತಿ ಮಾದರಿ ಸಂಖ್ಯೆ ಬರೆಸಿಕೊಳ್ಳಿ. "ಗಿಗಾಬೈಟ್ ಬೋರ್ಡ್", "16 ಜಿಬಿ ರ‍್ಯಾಮ್" ಎಂದಷ್ಟೇ ಬರೆದ ಕೊಟೇಶನ್ನಿಗೆ ಬೆಲೆ ಇಲ್ಲ. ಎರಡು ಮೂರು ಅಂಗಡಿಗಳಲ್ಲಿ ಒಂದೇ ಪಟ್ಟಿಗೆ ಕೊಟೇಶನ್ ತೆಗೆದುಕೊಂಡು, ಗ್ರಾಂಟ್ ರೋಡಿನಲ್ಲೇ ಒಂದು ಚಹಾ ಕುಡಿಯುತ್ತಾ ಹೋಲಿಸಿ ನೋಡಿ. ಪ್ರೊಸೆಸರ್ 'ಬಾಕ್ಸ್' ಪೀಸೋ 'ಟ್ರೇ' ಪೀಸೋ ಎಂದು ಕೇಳಿ. ಬಾಕ್ಸ್ ಎಂದರೆ ಕಂಪನಿಯ ಮೊಹರು ಇರುವ ಪೆಟ್ಟಿಗೆ, ಮೂರು ವರ್ಷದ ಕಂಪನಿ ವಾರಂಟಿ, ಈ ದರ್ಜೆಯ ಪ್ರೊಸೆಸರ್‌ಗಳಲ್ಲಿ ತಂಪು ಮಾಡುವ ಫ್ಯಾನ್ ಒಳಗೇ ಇರುತ್ತದೆ. ಟ್ರೇ ಎಂದರೆ ಬಿಡಿ ಪ್ರೊಸೆಸರ್. ವಾರಂಟಿ ಅಂಗಡಿಯವರ ಮಾತಿನ ಮೇಲೆ, ಫ್ಯಾನ್ ಬೇರೆ ಕೊಳ್ಳಬೇಕು. ಇನ್ನು ಪಕ್ಕಾ ಬಿಲ್, ಕಚ್ಚಾ ಬಿಲ್ ಪ್ರಶ್ನೆ. ಕಂಪ್ಯೂಟರ್ ಭಾಗಗಳ ಮೇಲೆ ಜಿಎಸ್‌ಟಿ ಶೇಕಡಾ 18. ಬಿಲ್ಲಿಲ್ಲದೆ ಕೊಂಡರೆ ಅಷ್ಟು ಉಳಿಯಿತು ಎಂದು ತೋರುತ್ತದೆ. ಆದರೆ ಎರಡನೆಯ ವರ್ಷ ಬೋರ್ಡ್ ಕೆಟ್ಟಾಗ ಸರ್ವಿಸ್ ಸೆಂಟರಿನವರು ಕೇಳುವುದು ಸೀರಿಯಲ್ ಸಂಖ್ಯೆ ಬರೆದಿರುವ ಬಿಲ್ಲನ್ನೇ. ಪಕ್ಕಾ ಬಿಲ್ ಬಿಡಬೇಡಿ.

ಸಾಕೆಟ್, ರ‍್ಯಾಮ್, ಸಂಗ್ರಹ

ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಗೂಡಿಗೆ ಸಾಕೆಟ್ ಎನ್ನುತ್ತಾರೆ. 5600ಜಿಗೆ ಎಎಂ4, ಐ3 12100ಕ್ಕೆ ಎಲ್‌ಜಿಎ 1700. ಮುಂದೆ ಎಷ್ಟು ಮೇಲೇರಬಹುದು ಎಂಬುದನ್ನು ತೀರ್ಮಾನಿಸುವುದು ಈ ಗೂಡು. ಎಎಂ4 ಬೋರ್ಡಿನಲ್ಲಿ ಕೆಲವು ವರ್ಷದ ನಂತರ ಎಂಟು ಕೋರಿನ ಪ್ರೊಸೆಸರ್ ಹಾಕಬಹುದು. ಎಲ್‌ಜಿಎ 1700ರಲ್ಲಿ ಇಂಟೆಲ್‌ನ 12, 13 ಮತ್ತು 14ನೆಯ ಪೀಳಿಗೆಯವು ಕೂರುತ್ತವೆ. ಎರಡೂ ಸಾಕೆಟ್‌ಗಳು ಹೊಸತಲ್ಲ, 2022ರಲ್ಲಿ ಬಂದ ಎಎಂ5 ಅವುಗಳಿಗಿಂತ ದೀರ್ಘಕಾಲ ಬಾಳೀತು. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮ್ ಕಡ್ಡಾಯ, ಬೋರ್ಡೂ ದುಬಾರಿ. ಕೈ ಬಿಗಿಯಾಗಿದ್ದರೆ ಡಿಡಿಆರ್4 ತೆಗೆದುಕೊಳ್ಳುವ ಬೋರ್ಡ್ ಸಾಕು: ಎಎಂ4ಕ್ಕೆ ಎ520 ಅಥವಾ ಬಿ550, ಎಲ್‌ಜಿಎ 1700ಕ್ಕೆ ಎಚ್610. ಒಂದು ಎಚ್ಚರಿಕೆ: ಎಚ್610ರಲ್ಲಿ ಡಿಡಿಆರ್4ರ ಮಾದರಿಗಳೂ ಇವೆ, ಡಿಡಿಆರ್5ರ ಮಾದರಿಗಳೂ ಇವೆ. ಎರಡೂ ಬಗೆಯ ರ‍್ಯಾಮ್ ಪಟ್ಟಿಯಲ್ಲಿ (ಸ್ಟಿಕ್ಕಿನಲ್ಲಿ) 288 ಪಿನ್ನುಗಳೇ, ಆದರೆ ನಡುವಿನ ಕಚ್ಚು ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಳೆಯ ಬಿ450 ಬೋರ್ಡ್ ಅಗ್ಗಕ್ಕೆ ಸಿಕ್ಕರೆ, 5600ಜಿ ಸೇರಿದ 5000 ಸರಣಿಗೆ ಬೇಕಾದ ಬಯಾಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಹಾಕಿಕೊಡಿ ಎಂದು ಅಂಗಡಿಯಲ್ಲೇ ಕೇಳಿ. ಹಾಕದಿದ್ದರೆ ಯಂತ್ರ ಏಳುವುದೇ ಇಲ್ಲ.

ರ‍್ಯಾಮ್ ವಿಷಯದಲ್ಲಿ ಕಾಲ ಕೆಟ್ಟಿದೆ. 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ಏರಿತು. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳಿಗೆ ಮೆಮೊರಿ ಚಿಪ್ ಒದಗಿಸುವುದು ಕಾರ್ಖಾನೆಗಳಿಗೆ ಹೆಚ್ಚು ಲಾಭದ್ದಾಗಿ, ನಮ್ಮಂಥವರಿಗೆ ಉಳಿದದ್ದು ಕಡಿಮೆಯಾಯಿತು. ಮೈಕ್ರಾನ್ ಕಂಪನಿ ತನ್ನ ಜನಪ್ರಿಯ 'ಕ್ರೂಶಿಯಲ್' ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಸಾರಿತು. ಹಳೆಯ ಯೂಟ್ಯೂಬ್ ವೀಡಿಯೊದ ಬೆಲೆಪಟ್ಟಿ ಹಿಡಿದು ಅಂಗಡಿಗೆ ಹೋಗುವವರು ಮೊದಲು ಎಡವುವುದು ಇಲ್ಲಿ.

16 ಜಿಬಿ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಅದು ರ‍್ಯಾಮಿನಿಂದಲೇ ಒಂದಷ್ಟು ಕಡ ಪಡೆಯುತ್ತದೆ. 8 ಜಿಬಿಯಲ್ಲಿ ಆ ಪಾಲು ಹೋದರೆ ಹತ್ತು ಟ್ಯಾಬ್ ತೆರೆದ ಬ್ರೌಸರಿಗೇ ಉಸಿರು ಕಟ್ಟುತ್ತದೆ. ಆ 16 ಜಿಬಿ ಒಂದೇ ಪಟ್ಟಿಯಾಗಿರದೆ ಎಂಟೆಂಟರ ಎರಡು ಪಟ್ಟಿಗಳಾಗಿರಲಿ. ಪ್ರೊಸೆಸರಿನಿಂದ ಮೆಮೊರಿಗೆ ಎರಡು ಹಾದಿಗಳಿವೆ. ಒಂದೇ ಪಟ್ಟಿ ಹಾಕಿದರೆ ಒಂದೇ ಹಾದಿ ತೆರೆಯುತ್ತದೆ. ದಾದರ್ ನಿಲ್ದಾಣದಲ್ಲಿ ಡಬ್ಬಿಯ ಒಂದು ಬಾಗಿಲಿಂದ ಇಳಿಯುವುದಕ್ಕೂ ಎರಡು ಬಾಗಿಲಿಂದ ಇಳಿಯುವುದಕ್ಕೂ ಎಷ್ಟು ಅಂತರವೋ ಇಲ್ಲೂ ಅಷ್ಟು. ಬೇರೆ ಕೆಲಸಗಳಲ್ಲಿ ಈ ವ್ಯತ್ಯಾಸ ಸಣ್ಣದಾಗಿ ಕಂಡೀತು, ಒಳಗಿನ ಗ್ರಾಫಿಕ್ಸ್ ಬಳಸುವಾಗ ಎದ್ದು ಕಾಣುತ್ತದೆ. ಹಣ ಸಾಲದೇ ಹೋದರೆ ಮಾತ್ರ ಈಗ 8 ಜಿಬಿಯ ಒಂದು ಪಟ್ಟಿ ಹಾಕಿ, ಎರಡನೆಯ ಗೂಡು ಖಾಲಿ ಬಿಡಿ. ಪಟ್ಟಿಯ ಮೇಲಿನ ಚೀಟಿಯ ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಅಂಥದ್ದೇ ಹುಡುಕಲು ಸುಲಭ.

ಸಂಗ್ರಹಕ್ಕೆ ಎಸ್‌ಎಸ್‌ಡಿ, ಎಂದರೆ ಚಿಪ್ಪುಗಳಲ್ಲೇ ಮಾಹಿತಿ ಇಡುವ ಡಿಸ್ಕ್; ಬೇರೆ ಮಾತಿಲ್ಲ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಓದುವ ತಲೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಯಬೇಕು. ವಿಂಡೋಸ್ ಏಳುವಾಗ ಸಾವಿರಾರು ಚಿಕ್ಕ ಫೈಲುಗಳಿಗಾಗಿ ಅದು ಓಡಾಡುತ್ತಲೇ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಆ ಓಡಾಟವೇ ಇಲ್ಲ. ಸಾಟಾ ಬಗೆಯದು ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಬೋರ್ಡಿಗೆ ನೇರ ಕೂರುವ ಎನ್‌ವಿಎಂಇ ಬಗೆಯದು ಅದರ ಹಲವು ಪಟ್ಟು. ನಿತ್ಯದ ಕೆಲಸದಲ್ಲಿ ಈ ಎರಡರ ನಡುವೆ ಅಷ್ಟೇನೂ ಅಂತರ ಗೊತ್ತಾಗುವುದಿಲ್ಲ. ಬೆಲೆ ಹತ್ತಿರ ಹತ್ತಿರ ಇರುವುದರಿಂದ, ತಂತಿಯ ಗೋಜಿಲ್ಲದ ಎನ್‌ವಿಎಂಇ ವಾಸಿ. 500 ಜಿಬಿಯಿಂದ ಆರಂಭಿಸಿ.

ಎಸ್‌ಎಂಪಿಎಸ್, ಅರ್ಥಿಂಗ್, ಮಳೆಗಾಲ

ಎಲ್ಲರೂ ಹಣ ಉಳಿಸಲು ನೋಡುವುದು ಎಸ್‌ಎಂಪಿಎಸ್‌ನಲ್ಲಿ, ಎಂದರೆ ಗೋಡೆಯ 230 ವೋಲ್ಟನ್ನು ಬೋರ್ಡಿಗೆ ಬೇಕಾದ 12, 5 ಮತ್ತು 3.3 ವೋಲ್ಟ್ ಡಿಸಿಗೆ ಇಳಿಸುವ ಡಬ್ಬಿಯಲ್ಲಿ. ಕ್ಯಾಬಿನೆಟ್ ಕೊಂಡರೆ ಪುಕ್ಕಟೆ ಬರುತ್ತದೆ ಎಂದು ಅಂಗಡಿಯವರು ತೋರಿಸುತ್ತಾರೆ, ಮೇಲೆ "450 ವ್ಯಾಟ್" ಎಂದು ಅಂಟಿಸಿರುತ್ತದೆ. ಅಂಥ ಡಬ್ಬಿಯನ್ನು ಎತ್ತಿ ನೋಡಿ, ಹಗುರವಾಗಿರುತ್ತದೆ. ಒಳಗೆ ಇರಬೇಕಾದ ಫಿಲ್ಟರ್, ದೊಡ್ಡ ಕೆಪಾಸಿಟರ್, ವೋಲ್ಟೇಜ್ ಮಿತಿಮೀರಿದರೆ ಕಡಿದುಹಾಕುವ ರಕ್ಷಣಾ ಸರ್ಕ್ಯೂಟ್ ಇವುಗಳಲ್ಲೇ ಜಿಪುಣತನ ಮಾಡಿರುತ್ತಾರೆ. ಉಳಿದ ಭಾಗ ಕೆಟ್ಟರೆ ತಾನೊಂದೇ ಕೆಡುತ್ತದೆ. ಎಸ್‌ಎಂಪಿಎಸ್ ಕೆಟ್ಟರೆ ಬೋರ್ಡ್, ಪ್ರೊಸೆಸರ್, ಎಸ್‌ಎಸ್‌ಡಿಯನ್ನೂ ಜೊತೆಗೆ ಒಯ್ಯಬಲ್ಲದು.

ಲೆಕ್ಕ ಹೀಗಿದೆ. 5600ಜಿ 65 ವ್ಯಾಟಿನ ಪ್ರೊಸೆಸರ್ ಎನ್ನಿಸಿಕೊಂಡರೂ ಪೂರ್ತಿ ದುಡಿಯುವಾಗ 88 ವ್ಯಾಟಿನವರೆಗೆ ಹೋಗುತ್ತದೆ. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಸೇರಿ ಇನ್ನೊಂದು 30ರಿಂದ 40. ಇಡೀ ಯಂತ್ರ 130 ವ್ಯಾಟಿನ ಆಸುಪಾಸು. ಹೀಗಿರುವಾಗ ಅಂಗಡಿಯವರು 650 ವ್ಯಾಟ್ ಬೇಕೆಂದರೆ ಒಪ್ಪಬೇಡಿ. ಹೆಸರಿರುವ ಕಂಪನಿಯ, 80 ಪ್ಲಸ್ ಬ್ರಾಂಜ್ ಗುರುತಿರುವ ನಿಜವಾದ 450 ಅಥವಾ 500 ವ್ಯಾಟ್ ಸಾಕು. ನಾಳೆ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಹಾಕುವಾಗಲೂ ಅದೇ ಸಾಗುತ್ತದೆ. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಕನಿಷ್ಠ ಶೇಕಡಾ 80 ಭಾಗವನ್ನಾದರೂ ಶಾಖವಾಗಿ ಕಳೆಯದೆ ಯಂತ್ರಕ್ಕೆ ದಾಟಿಸುತ್ತದೆ ಎಂಬುದು 80 ಪ್ಲಸ್ ಗುರುತಿನ ಮೂಲ ಅರ್ಥ. ಬ್ರಾಂಜ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಗುರುತನ್ನು ಸುಮ್ಮನೆ ಮುದ್ರಿಸಿಕೊಳ್ಳುವವರೂ ಇದ್ದಾರೆ, ಆದ್ದರಿಂದ 80 ಪ್ಲಸ್ ಜಾಲತಾಣದ ಪಟ್ಟಿಯಲ್ಲಿ ಆ ಮಾದರಿ ಇದೆಯೇ ಎಂದು ಮೊಬೈಲಿನಲ್ಲೇ ನೋಡಿಕೊಳ್ಳಿ.

ಹಳೆಯ ಚಾಳುಗಳಲ್ಲಿ, ಬಾಡಿಗೆ ಖೋಲಿಗಳಲ್ಲಿ ಇರುವವರಿಗೆ ಇನ್ನೊಂದು ಮಾತು. ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುತ್ತದೆಯೇ? ಅನೇಕರು ಎಸ್‌ಎಂಪಿಎಸ್ ಕೆಟ್ಟಿದೆ ಎಂದುಕೊಂಡು ಬದಲಿಸುತ್ತಾರೆ, ಜುಮ್ಮು ಹೋಗುವುದಿಲ್ಲ. ಎಸ್‌ಎಂಪಿಎಸ್ ಒಳಗೆ, ವಿದ್ಯುತ್ತಿನ ಗದ್ದಲ ಸೋಸುವ ಚಿಕ್ಕ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಜೋಡಿಸಿರುತ್ತವೆ. ಅರ್ಥಿಂಗ್ ಇದ್ದರೆ ಸೋರುವ ಅತಿ ಸಣ್ಣ ಕರೆಂಟು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ ಸರಿಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಹಾಗಾಗಿ ದೋಷ ಗೋಡೆಯ ಪ್ಲಗ್ಗಿನಲ್ಲಿ ಇದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ತುರುಕಬೇಡಿ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ತಂತಿ ಎಳೆಸಿ. ಕಂಪ್ಯೂಟರಿನ ಬಜೆಟ್ಟಿನಲ್ಲೇ ಈ ಖರ್ಚನ್ನು ಸೇರಿಸಬೇಕು ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಯುಪಿಎಸ್ ತಕ್ಷಣ ಬೇಕೇ? ಬೆಸ್ಟ್ ಸಂಸ್ಥೆಯ ವಿದ್ಯುತ್ತು ಬರುವ ದಾದರ್, ಮಾಟುಂಗಾ ಕಡೆ ಕರೆಂಟು ಹೋಗುವುದು ಅಪರೂಪ. 2020ರ ಅಕ್ಟೋಬರ್ 12ರಂದು ಇಡೀ ಮುಂಬಯಿ ಕತ್ತಲಾದದ್ದನ್ನು ಜನ ಇಂದಿಗೂ ನೆನೆಯುವುದು ಅದು ಅಷ್ಟು ಅಪರೂಪವಾದದ್ದರಿಂದಲೇ. ಅಲ್ಲಿ ಯುಪಿಎಸ್ ಮುಂದೂಡಬಹುದು. ಮಹಾವಿತರಣ ಕಂಪನಿಯ ವಿದ್ಯುತ್ತು ಬರುವ ಡೊಂಬಿವಲಿ, ಕಲ್ಯಾಣಗಳಲ್ಲಿ ಮಳೆಗಾಲದ ಅನುಭವ ಬೇರೆ. 600 ವಿಎ ಯುಪಿಎಸ್ ಒಂದಿದ್ದರೆ ಬರೆದದ್ದನ್ನು ಉಳಿಸಿ ಯಂತ್ರ ಮುಚ್ಚುವಷ್ಟು ಹೊತ್ತು ಸಿಗುತ್ತದೆ.

ಕಡಲ ತೇವದ ಗಾಳಿ ರ‍್ಯಾಮ್ ಪಟ್ಟಿಯ ಹೊಂಬಣ್ಣದ ತುದಿಗಳನ್ನೂ ಮಸುಕುಗೊಳಿಸುತ್ತದೆ. ಮಳೆಗಾಲದಲ್ಲಿ ಫ್ಯಾನ್ ತಿರುಗಿ ಪರದೆ ಮಾತ್ರ ಕಪ್ಪಗಿದ್ದರೆ, ಪ್ಲಗ್ ಕಿತ್ತು, ರ‍್ಯಾಮ್ ಹೊರತೆಗೆದು, ಆ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮರಳಿ ಹಾಕಿ. ಬಹಳ ಸಲ ಅಷ್ಟಕ್ಕೇ ಯಂತ್ರ ಏಳುತ್ತದೆ, ರಿಪೇರಿಯ ಖರ್ಚು ಉಳಿಯುತ್ತದೆ. ಬಳಸದೆ ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ಆಗಾಗ ಹಚ್ಚುತ್ತಿದ್ದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ನೆಲ ಅಂತಸ್ತಿನವರು ಕ್ಯಾಬಿನೆಟ್ಟನ್ನು ನೆಲದ ಮೇಲೆ ಇಡಲೇಬಾರದು.

ಕ್ಯಾಬಿನೆಟ್ಟಿಗೆ ಗಾಜು, ಬಣ್ಣದ ದೀಪ ಬೇಡ. ಮುಂದೆ ಜಾಲರಿ, ಹಿಂದೆ ಒಂದು ಫ್ಯಾನ್, ಸಾಕು. ಮಾನಿಟರ್ ಈಗಲೇ ಬೇಕೆಂದಿಲ್ಲ. ಮನೆಯ ಎಚ್‌ಡಿಎಂಐ ಇರುವ ಟಿವಿಯೇ ಆರು ತಿಂಗಳು ನಡೆಸೀತು, ಆ ಹಣ ರ‍್ಯಾಮಿಗೆ ಸಲ್ಲಲಿ. ಆದರೆ ಅರ್ಥಿಂಗ್ ಇಲ್ಲದ ಮನೆಯಲ್ಲಿ ಕೇಬಲ್ ತಂತಿ ಹಾಕಿದ ಟಿವಿಗೆ ಕಂಪ್ಯೂಟರ್ ಜೋಡಿಸುವಾಗ ಕಿಡಿ ಹಾರಿ ಎಚ್‌ಡಿಎಂಐ ಕಿಂಡಿಯೇ ಸುಟ್ಟುಹೋಗಬಹುದು. ಎರಡರ ಪ್ಲಗ್ಗನ್ನೂ ಕಿತ್ತೇ ತಂತಿ ಸಿಕ್ಕಿಸಿ.

ಹಣ ಇಪ್ಪತ್ತು ಸಾವಿರಕ್ಕಿಂತ ಕೆಳಗಿದ್ದರೆ ಹೊಸದನ್ನು ಜೋಡಿಸುವ ಹಟ ಬಿಡುವುದೇ ಒಳ್ಳೆಯದು. ಕಚೇರಿಗಳಿಂದ ಹೊರಬಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ಸಿಗುತ್ತವೆ. ಇಂಟೆಲ್ 8ನೆಯ ಪೀಳಿಗೆ ಅಥವಾ ಅದರ ಮೇಲಿನದನ್ನೇ ಕೇಳಿ. ವಿಂಡೋಸ್ 11ಕ್ಕೆ ಅಲ್ಲಿಂದಲೇ ಅರ್ಹತೆ. ಆರು ಕೋರಿನ ಐ5 8500 ಇರುವ ಯಂತ್ರಕ್ಕೆ ಹೊಸ ಎಸ್‌ಎಸ್‌ಡಿ ಹಾಕಿದರೆ ವಿದ್ಯಾರ್ಥಿಗೆ ಯಾವ ಕೊರತೆಯೂ ಇರುವುದಿಲ್ಲ. ಕೊರತೆ ಇರುವುದು ಬೆಳವಣಿಗೆಯಲ್ಲಿ: ಇವುಗಳಲ್ಲಿ ಎಷ್ಟೋ ಮಾದರಿಗಳ ಎಸ್‌ಎಂಪಿಎಸ್, ಬೋರ್ಡ್ ಕಂಪನಿಯದೇ ಅಳತೆಯವು, ಸಣ್ಣ ಪೆಟ್ಟಿಗೆಯಲ್ಲಿ ಪೂರ್ಣ ಎತ್ತರದ ಗ್ರಾಫಿಕ್ಸ್ ಕಾರ್ಡ್ ಕೂರುವುದಿಲ್ಲ.

ಜೋಡಿಸುವ ದಿನ

ಅಂಗಡಿಯವರೇ ಜೋಡಿಸಿಕೊಡುತ್ತಾರೆ, ಆದರೂ ಮಕ್ಕಳ ಕೈಯಲ್ಲೇ ಮಾಡಿಸಿ. ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿ ತರುವುದು ಲೋಕಲ್‌ನಲ್ಲೂ ಸುಲಭ. ಬೇಕಾದದ್ದು ಒಂದು ನಕ್ಷತ್ರ ಸ್ಕ್ರೂಡ್ರೈವರ್ ಮತ್ತು ಒಂದು ಮಧ್ಯಾಹ್ನ. ಪ್ರೊಸೆಸರಿನ ಮೂಲೆಯ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಸುಮ್ಮನೆ ಇಟ್ಟರೆ ತಾನೇ ಕೂರುತ್ತದೆ, ಒತ್ತಬಾರದು. ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರಿನ ಹೊಟ್ಟೆಯಲ್ಲಿ, ಎಲ್‌ಜಿಎ 1700ರಲ್ಲಿ ಬೋರ್ಡಿನ ಗೂಡಿನಲ್ಲಿ; ಎರಡರಲ್ಲೂ ಬಾಗಿದ ಪಿನ್ನಿಗೆ ವಾರಂಟಿ ಸಿಗುವುದಿಲ್ಲ. ರ‍್ಯಾಮಿಗೆ ಮಾತ್ರ ಬಲ ಬೇಕು, ಕಟ್ ಎಂಬ ಸದ್ದು ಬರುವವರೆಗೆ ಒತ್ತಬೇಕು. ನಾಲ್ಕು ಗೂಡುಗಳಿದ್ದರೆ ಪ್ರೊಸೆಸರಿನ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. ಬೋರ್ಡಿಗೆ 24 ಪಿನ್ನಿನ ದೊಡ್ಡ ತಂತಿ ಒಂದು, ಪ್ರೊಸೆಸರಿಗೆ ಎಂಟು ಪಿನ್ನಿನದು ಇನ್ನೊಂದು. ಎರಡನೆಯದನ್ನು ಮರೆತು ಯಂತ್ರ ಏಳಲಿಲ್ಲ ಎಂದು ಗಾಬರಿಯಾಗುವವರು ಬಹಳ.

ಯಂತ್ರ ಎದ್ದ ಮೇಲೆ ಬಯಾಸ್‌ಗೆ ಹೋಗಿ ರ‍್ಯಾಮಿನ ವೇಗ ನೋಡಿ. 3200ರ ಪಟ್ಟಿ 2400ರಲ್ಲಿ ಅಥವಾ 2666ರಲ್ಲಿ ಓಡುತ್ತಿದ್ದರೆ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಎಂಬ ಆಯ್ಕೆಯನ್ನು ಹಚ್ಚಿ. ಕೊಟ್ಟ ಹಣದ ವೇಗ ಆಗ ಸಿಗುತ್ತದೆ. ಅಂಗಡಿಯವರು ಪುಕ್ಕಟೆ ಹಾಕಿಕೊಡುವ ಕದ್ದ ವಿಂಡೋಸ್ ಬೇಡ. ಕೋಡಿಂಗ್ ಕಲಿಯುವವರಿಗೆ ಲಿನಕ್ಸ್ ಮಿಂಟ್ ಚೆನ್ನಾಗಿ ಒದಗುತ್ತದೆ, ಅದಕ್ಕೆ ದುಡ್ಡೇ ಇಲ್ಲ, ಕನ್ನಡದ ಕೀಲಿಮಣೆಯೂ ಅದರಲ್ಲೇ ಇದೆ. ಆಟೊಕ್ಯಾಡ್ ಅಥವಾ ಟ್ಯಾಲಿ ಬೇಕಾದವರು ವಿಂಡೋಸ್ ಪರವಾನಗಿಯ ಹಣವನ್ನು ಮೊದಲೇ ಎತ್ತಿಡಬೇಕು.

ಮುಂದಿನ ಚೀಟಿ ಎತ್ತಿದಾಗ ಮೊದಲು ತುಂಬಬೇಕಾದದ್ದು ರ‍್ಯಾಮಿನ ಖಾಲಿ ಗೂಡು, ಆಮೇಲೆ ಮಾನಿಟರ್. ಗ್ರಾಫಿಕ್ಸ್ ಕಾರ್ಡಿನ ಸರದಿ ಅದರ ನಂತರ. ಅದನ್ನು ಕೊಳ್ಳುವ ಮುಂಚೆ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆಂದೇ ಇರುವ ಆರು ಮತ್ತು ಎರಡು ಪಿನ್ನಿನ ತಂತಿ ಇದೆಯೇ, ಕ್ಯಾಬಿನೆಟ್ಟಿನಲ್ಲಿ ಕಾರ್ಡಿನ ಉದ್ದಕ್ಕೆ ಜಾಗ ಇದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡಿಕೊಳ್ಳಿ.